ಪಿಳ್ಳಜ್ಜಿಯ ಮುಯ್ಯಿ

ಈಗಲೂ ಮಧ್ಯಾಹ್ನ ಉಂಡು ಅಡ್ಡಾದರೆ, ಕಣ್ಣು ಹತ್ತುವ ಹೊತ್ತಿಗೆ ಸರಿಯಾಗಿ ನಾನು ಆ ಮನೆಯೊಳಗೆ ಹೋಗಿಬಿಡುತ್ತೇನೆ. ಮುಂಬಾಗಿಲಿನಿಂದ ಎಂದೂ ಹೋಗುವುದಿಲ್ಲ. ಹಿತ್ತಿಲ ಕಡೆಯಿಂದ, ಚಕ್ಕೋತದ ಮರದ ಕೆಳಗಿನಿಂದ, ಪಾತ್ರೆ ಬೆಳಗುವ ಕಲ್ಲು ದಾಟಿಕೊಂಡು ಹೋಗುತ್ತೇನೆ. ಕಾಲಿಟ್ಟ ಕೂಡಲೇ ಸಾರಿಸಿದ ನೆಲದ ತಂಪು ಅಂಗಾಲಿಗೆ ತಾಗುತ್ತದೆ. ಅಡುಗೆಮನೆಯಲ್ಲಿ ಯಾರೂ ಇರುವುದಿಲ್ಲ, ಆದರೂ ಒಲೆಯ ಮೇಲೆ ಎಸರು ಕುದಿಯುತ್ತಿರುತ್ತದೆ. ನಡುಮನೆಯ ತೊಟ್ಟಿಯಲ್ಲಿ ಬಿಸಿಲು ಚೌಕವಾಗಿ ಬಿದ್ದಿರುತ್ತದೆ. ನಮ್ಮಜ್ಜಿಗೆ ಅದೇ ಗಡಿಯಾರ. ಬಿಸಿಲು ಒರಳುಕಲ್ಲನ್ನು ಮುಟ್ಟಿದರೆ ಹೊಲಕ್ಕೆ ಊಟ ಹೊರಡಬೇಕು, ಕಂಬ ಹತ್ತಿದರೆ ದನಗಳಿಗೆ ನೀರು ಕುಡಿಸಬೇಕು. ಮೋಡ ಕವಿದ ದಿನ ನಮ್ಮ ಮನೆಯಲ್ಲಿ ಯಾವ ಕೆಲಸವೂ ಹೊತ್ತಿಗೆ ಸರಿಯಾಗಿ ಆಗುತ್ತಿರಲಿಲ್ಲ, ಅದಕ್ಕೆ ಅಜ್ಜಿ ಮೋಡವನ್ನೇ ಬೈಯುತ್ತಿದ್ದಳು. ಇದು ಕನಸೋ ನೆನಪೋ ಎಂದು ಬೇರೆ ಮಾಡುವ ಗೋಜಿಗೆ ನಾನು ಹೋಗುವುದಿಲ್ಲ. ಈ ವಯಸ್ಸಿನಲ್ಲಿ ಎರಡೂ ಒಂದೇ ದಾರಿಯಲ್ಲಿ ಬರುತ್ತವೆ.

ನಮ್ಮೂರು ಬೂದಿಗೆರೆಯಿಂದ ದೇವನಹಳ್ಳಿಗೆ ಹೋಗುವ ಬಂಡಿಜಾಡಿನ ಮೇಲಿತ್ತು. ಆಗ ಯುದ್ಧದ ಕಾಲ. ಯುದ್ಧ ಎಲ್ಲಿ ನಡೆಯುತ್ತಿದೆ, ಯಾರ ಯಾರ ನಡುವೆ ನಡೆಯುತ್ತಿದೆ ಎಂಬುದು ನಮ್ಮಲ್ಲಿ ಚಿಕ್ಕಪ್ಪನೊಬ್ಬನನ್ನು ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ಸೀಮೆಣ್ಣೆ ಸಿಗುತ್ತಿಲ್ಲ ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು. ಹೊತ್ತು ಮುಳುಗುವ ಮುಂಚೆಯೇ ಉಂಡು ಕೈ ತೊಳೆಯುತ್ತಿದ್ದೆವು. ಆಗೊಮ್ಮೆ ಈಗೊಮ್ಮೆ ಬೆಂಗಳೂರಿನ ಕಡೆಯಿಂದ ವಿಮಾನ ಹಾರಿಬಂದರೆ ನಾವು ಮಕ್ಕಳು ಬೀದಿಗೆ ಓಡುತ್ತಿದ್ದೆವು, ಅಜ್ಜಿ ಹಿಟ್ಟಿನ ಮಡಕೆಯ ಬಾಯಿ ಮುಚ್ಚುತ್ತಿದ್ದಳು. ಅಷ್ಟು ಎತ್ತರದಲ್ಲಿ ಓಡುವ ಬಂಡಿಯಿಂದ ಮಸಿ ಉದುರದೆ ಇರುತ್ತದೆಯೇ ಎಂಬುದು ಅವಳ ವಾದ. ಮನೆಯಲ್ಲಿ ಅಜ್ಜಿ, ಅಪ್ಪ, ಅವ್ವ, ಅಪ್ಪನ ತಮ್ಮ ಚಿಕ್ಕಪ್ಪ, ನಾನು, ಇನ್ನೂ ತೊದಲುತ್ತಿದ್ದ ನನ್ನ ತಮ್ಮ. ಹೆಸರಿಗೆ ಯಜಮಾನ ಅಪ್ಪ. ನೆಲದೊಳಗೆ ರಾಗಿ ತುಂಬಿಟ್ಟ ಹಗೇವಿನ ಬಾಯಿ ತೆಗೆಯುವುದರಿಂದ ಹಿಡಿದು ಮುದ್ದೆ ಎಷ್ಟು ದಪ್ಪ ಇರಬೇಕೆಂಬುದರವರೆಗೆ ತೀರ್ಮಾನವೆಲ್ಲ ಅಜ್ಜಿಯದು. ಅವಳ ಹೆಸರು ನಂಜಮ್ಮ. ಅವಳನ್ನು ‘ನಂಜಿ’ ಎಂದು ಕರೆಯುವ ಧೈರ್ಯ ಊರಿನಲ್ಲಿ ಒಬ್ಬಳಿಗೇ ಇತ್ತು, ಅವಳು ನಮ್ಮ ಹಿತ್ತಿಲ ಗೋಡೆಯ ಆಚೆಗಿದ್ದಳು.

ಅವಳೇ ಪಿಳ್ಳಮ್ಮ, ನಮ್ಮೆಲ್ಲರ ಪಿಳ್ಳಜ್ಜಿ. ಅಜ್ಜಿಗೂ ಅವಳಿಗೂ ರಕ್ತಸಂಬಂಧವಿರಲಿಲ್ಲ. ಇಬ್ಬರ ತೌರೂ ಜಡಿಗೇನಹಳ್ಳಿ, ಇಬ್ಬರೂ ಅಲ್ಲಿಂದ ಈ ಊರಿಗೆ ಸೊಸೆಯರಾಗಿ ಬಂದವರು. ಪಿಳ್ಳಜ್ಜಿ ಮೊದಲು ಬಂದವಳು, ಆದ್ದರಿಂದ ಅಕ್ಕಯ್ಯ. ಗಂಡ ಸತ್ತು ಎಷ್ಟೋ ಕಾಲವಾಗಿತ್ತು, ಮಕ್ಕಳಾಗಿರಲಿಲ್ಲ. ಇದ್ದ ತುಂಡು ಹೊಲವನ್ನು ಪಾಲಿಗೆ ಕೊಟ್ಟಿದ್ದಳು, ಅದರಿಂದ ಬಂದ ರಾಗಿಯನ್ನು ಮಡಕೆಗಳಲ್ಲಿ ತುಂಬಿಟ್ಟು ವರ್ಷವಿಡೀ ಅಳತೆಮಾಡಿ ಉಣ್ಣುತ್ತಿದ್ದಳು. ಸೊಂಟ ಬಾಗಿತ್ತು, ಬಾಯಿ ಬಾಗಿರಲಿಲ್ಲ. ಅಜ್ಜಿ ಮತ್ತು ಅವಳು ಗೋಡೆಯ ಈಚೆಗೊಬ್ಬಳು ಆಚೆಗೊಬ್ಬಳು ನಿಂತು, ಒಬ್ಬರ ಮುಖ ಒಬ್ಬರಿಗೆ ಕಾಣದಂತೆ, ದಿನಕ್ಕೊಂದು ಜಗಳ ಆಡುತ್ತಿದ್ದರು. ಹುರುಳಿಕಾಳಿನ ಬಸ್ಸಾರಿಗೆ ಬೆಳ್ಳುಳ್ಳಿ ಸುಟ್ಟು ಹಾಕಬೇಕೋ ಹಸಿಯದು ಹಾಕಬೇಕೋ ಎಂಬ ಜಗಳ ನಾನು ಹುಟ್ಟುವ ಮುಂಚೆ ಶುರುವಾದದ್ದು, ನನಗೆ ಬುದ್ಧಿ ಬಂದ ಮೇಲೂ ಮುಗಿದಿರಲಿಲ್ಲ. ಜಗಳವಿಲ್ಲದ ದಿನ ಅಜ್ಜಿಗೆ ಊಟ ರುಚಿಸುತ್ತಿರಲಿಲ್ಲ. ಗೋಡೆಯ ಹತ್ತಿರ ಹೋಗಿ ಸುಮ್ಮನೆ ಕೆಮ್ಮಿ ಬರುತ್ತಿದ್ದಳು.

ಪಿಳ್ಳಜ್ಜಿಯ ಮನೆ ಮಣ್ಣಿನ ಗೋಡೆಯದು, ಹುಲ್ಲಿನ ಸೂರು. ನಮ್ಮ ಕಡೆ ಹುಲ್ಲಿನ ಮನೆಯೆಂದರೆ ಎರಡು ಮೂರು ಬೇಸಿಗೆಗೊಮ್ಮೆ ಹಳೆಯದನ್ನು ಬಿಚ್ಚಿ ಹೊಸದಾಗಿ ಹೊದಿಸಲೇಬೇಕು. ಒಬ್ಬರಿಂದ ಆಗುವ ಕೆಲಸವಲ್ಲ. ಅದಕ್ಕೆ ಮುಯ್ಯಾಳು ಎಂಬ ಪದ್ಧತಿ ಇತ್ತು. ನನ್ನ ಮನೆಯ ಕೆಲಸಕ್ಕೆ ನಿನ್ನ ಮನೆಯಿಂದ ಒಬ್ಬರು ಒಂದು ದಿನ ಬಂದರೆ, ನಿನ್ನ ಮನೆಯ ಕೆಲಸಕ್ಕೆ ನನ್ನ ಮನೆಯಿಂದ ಒಬ್ಬರು ಒಂದು ದಿನ ಬರಬೇಕು. ನಾಟಿ, ಕಳೆ, ಕುಯ್ಲು, ಮನೆ ಕಟ್ಟುವುದು ಎಲ್ಲ ಹೀಗೆಯೇ ನಡೆಯುತ್ತಿತ್ತು. ಕೂಲಿಯ ಮಾತಿಲ್ಲ, ಉಪಕಾರದ ಮಾತೂ ಇಲ್ಲ. ಆಳಿಗೆ ಆಳು, ಅಷ್ಟೆ. ಬಂದ ಆಳನ್ನು ಹಿಂದಿರುಗಿಸದ ಮನೆಯನ್ನು ‘ಮುಯ್ಯಿ ನುಂಗಿದ ಮನೆ’ ಎನ್ನುತ್ತಿದ್ದರು, ಅದಕ್ಕಿಂತ ದೊಡ್ಡ ಬೈಗುಳ ನಮ್ಮೂರಿನಲ್ಲಿರಲಿಲ್ಲ. ಪಿಳ್ಳಜ್ಜಿಯ ಮನೆಯಲ್ಲಿ ಕಳಿಸಲು ಆಳಿರಲಿಲ್ಲ. ಹಾಗಾಗಿ ಅವಳು ಯಾರನ್ನೂ ಕರೆಯುತ್ತಿರಲಿಲ್ಲ. ಸೂರು ಕಪ್ಪಾಗಿ, ಕೊಳೆತು, ಅಲ್ಲಲ್ಲಿ ಕುಸಿದು, ಅದರ ಮೇಲೆ ಕುಂಬಳದ ಬಳ್ಳಿಯೊಂದು ತಾನಾಗಿ ಹಬ್ಬಿಕೊಂಡಿತ್ತು. ಹೋದ ಮಳೆಗಾಲದಲ್ಲಿ ಒಳಗೆ ನೀರಿಳಿದು ಹಿಂಬದಿಯ ಗೋಡೆ ಹೊಟ್ಟೆ ಬಂದಂತೆ ಉಬ್ಬಿತ್ತು. ಇನ್ನೊಂದು ಮಳೆಗಾಲವನ್ನು ಅದು ತಡೆಯುವುದಿಲ್ಲ ಎಂದು ಅಪ್ಪ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ. ಗೋಡೆ ಬಿದ್ದರೆ ಅದು ಅವಳು ಮಲಗುವ ಮಗ್ಗುಲಿಗೇ ಬೀಳುತ್ತಿತ್ತು.

ಚಿಕ್ಕಪ್ಪ ದೊಡ್ಡಬಳ್ಳಾಪುರದಲ್ಲಿ ಓದು ಮುಗಿಸಿ ಊರಿಗೆ ಬಂದದ್ದು ಆ ಬೇಸಿಗೆಗೆ. ಬರುವಾಗ ಎರಡು ಜೊತೆ ಖಾದಿ ಬಟ್ಟೆ, ಒಂದು ಚರಕ, ತಲೆತುಂಬ ಭಾಷಣ ತಂದಿದ್ದ. ಚರಕವನ್ನು ಅಜ್ಜಿ ಅಟ್ಟಕ್ಕೆ ಹಾಕಿಸಿದಳು. ಭಾಷಣವನ್ನು ಎಲ್ಲಿಗೆ ಹಾಕುವುದೋ ತಿಳಿಯದೆ ಸುಮ್ಮನಾದಳು. ಅವನು ಊರಿನ ಹುಡುಗರನ್ನೆಲ್ಲ ಸೇರಿಸಿ ಒಂದು ಗುಂಪು ಕಟ್ಟಿದ. ಕೈಲಾಗದ ಮುದುಕ ಮುದುಕಿಯರ ಮನೆಗಳನ್ನು ಬಿಟ್ಟಿಯಾಗಿ ರಿಪೇರಿ ಮಾಡಿಕೊಡುವುದು ಅವರ ಕೆಲಸ. ಊರವರು ಅದಕ್ಕೆ ‘ಹುಲ್ಲು ಪಟಾಲಂ’ ಎಂದು ಹೆಸರಿಟ್ಟರು. ಮೊದಲು ಊರ ಬಾಗಿಲ ಹತ್ತಿರದ ಚೌಡಪ್ಪತಾತನ ಮನೆಗೆ ಹೋಗಿ ಹೆಂಚು ಕೈಯಾಡಿಸಿ ಕೊಟ್ಟರು. ಚೌಡಪ್ಪತಾತ ಬಹಳ ಸಂತೋಷಪಟ್ಟು, ಹೇಗೂ ಬಂದಿದ್ದೀರಿ, ಜಗಲಿಯನ್ನೂ ಸ್ವಲ್ಪ ಅಗಲ ಮಾಡಿಬಿಡಿ ಎಂದ. ಮಾಡಿದರು. ಹಿತ್ತಿಲಿಗೆ ಒಂದು ಬೇಲಿ ಎಂದ. ಅದನ್ನೂ ಮಾಡಿದರು. ಚಿಕ್ಕಪ್ಪ ಉಬ್ಬಿಹೋದ. ಉಪಕಾರ ಮಾಡುವುದೆಂದರೆ ಇಷ್ಟು ಸಲೀಸು ಎಂದು ಅವನಿಗೆ ಅನ್ನಿಸಿಬಿಟ್ಟಿರಬೇಕು.

ಪಿಳ್ಳಜ್ಜಿಯ ಹತ್ತಿರ ಹೋದಾಗ ಅವಳು ಬೇಡ ಎಂದಳು. ಇನ್ನೊಮ್ಮೆ ಹೋದ, ಆಗಲೂ ಬೇಡ ಎಂದಳು. ಆಗ ಚಿಕ್ಕಪ್ಪನಿಗೆ ಒಂದು ಉಪಾಯ ಹೊಳೆಯಿತು. ನಮ್ಮಲ್ಲಿ ಬಿಚ್ಚಿದ ಸೂರನ್ನು ಹಾಗೇ ಬಿಡಬಾರದು, ಹೊದಿಸದೆ ಬಿಟ್ಟರೆ ಊರಿಗೇ ಆಗಿಬರುವುದಿಲ್ಲ ಎಂಬ ನಂಬಿಕೆಯಿದೆ. ಒಂದು ಸಲ ಬಿಚ್ಚಿಬಿಟ್ಟರೆ ಮುದುಕಿ ತಾನಾಗಿಯೇ ಒಪ್ಪುತ್ತಾಳೆ ಎಂದು ಅವನು ಎಣಿಸಿದ. ಪಿಳ್ಳಜ್ಜಿ ತನ್ನ ತಮ್ಮನ ಮೊಮ್ಮಗುವಿನ ತೊಟ್ಟಿಲು ಶಾಸ್ತ್ರಕ್ಕೆ ಜಡಿಗೇನಹಳ್ಳಿಗೆ ಹೋದ ದಿನ ನೋಡಿ, ಅಪ್ಪ ಅಜ್ಜಿ ಎಲ್ಲ ಹೊಲದಲ್ಲಿರುವಾಗ, ಪಟಾಲಂ ಸೂರು ಹತ್ತಿತು. ಕೊಳೆತ ಹುಲ್ಲು ಇಳಿಯಿತು, ಗೆದ್ದಲು ತಿಂದ ಗಳಗಳು ಇಳಿದವು, ಕುಂಬಳದ ಬಳ್ಳಿಯೂ ಇಳಿಯಿತು. ಊರ ಮೇಲೆ ಧೂಳು ಎದ್ದಿತು. ಸಂಜೆ ಅಜ್ಜಿ ಹೊಲದಿಂದ ಬಂದು ಗೋಡೆಯಾಚೆ ಇಣುಕಿದವಳು ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

ಪಿಳ್ಳಜ್ಜಿ ತೌರಿನಿಂದ ಇನ್ನೂ ನಾಲ್ಕು ದಿನ ಬಿಟ್ಟು ಬರುತ್ತಾಳೆಂದುಕೊಂಡಿದ್ದರು. ಅವಳು ಮಾರನೆಯ ದಿನವೇ ಯಾರದೋ ಗಾಡಿಯಲ್ಲಿ ಬಂದಿಳಿದಳು. ಸೆರಗಿನಲ್ಲಿ ನನಗೆಂದು ಒಬ್ಬಟ್ಟು ಕಟ್ಟಿಕೊಂಡು ಬಂದಿದ್ದಳು. ಮನೆಯ ಮುಂದೆ ನಿಂತು ಮೇಲೆ ನೋಡಿದಳು, ಸುತ್ತ ನಿಂತಿದ್ದ ಹುಡುಗರನ್ನು ನೋಡಿದಳು.

“ಯಾರಪ್ಪಾ ಬಿಚ್ಚಿದ್ದು?”

“ನಾವೇ ದೊಡ್ಡವ್ವ. ನಾಳೆನೇ ಹೊದಿಸಿಬಿಡ್ತೀವಿ,” ಎಂದ ಚಿಕ್ಕಪ್ಪ. “ನೀನೇನೂ ಕೊಡೋದು ಬೇಡ, ಮಾಡೋದು ಬೇಡ. ಇದು ಸೇವೆ.”

“ಸೇವೆನ ದೇವ್ರಿಗೆ ಮಾಡ್ತಾರೆ, ಇಲ್ಲಾ ಹಾಸಿಗೆ ಹಿಡಿದೋರ್ಗೆ ಮಾಡ್ತಾರೆ. ನಾನು ಎರಡೂ ಅಲ್ವಲ್ಲಪ್ಪ.” ಅವಳು ಗಟ್ಟಿಯಾಗಿ ಕೂಗಲಿಲ್ಲ. “ಮುಯ್ಯಿ ನುಂಗಿದೋಳು ಅನ್ನಿಸ್ಕೊಂಡು ಸಾಯೋಕೆ ನಂಗಿಷ್ಟ ಇಲ್ಲ. ಇನ್ನೊಂದು ಕಡ್ಡಿ ಇದ್ರ ಮೇಲೆ ಹಾಕ್ಬೇಡಿ.”

ಹಾಗೆಂದು ಬೀಗ ತೆಗೆದು, ಬಾಗಿಲು ತಳ್ಳಿ ಒಳಗೆ ಹೋಗಿ, ಬಾಗಿಲು ಹಾಕಿಕೊಂಡಳು. ಮೇಲೆ ಸೂರಿಲ್ಲದ ಮನೆಗೆ ಬಾಗಿಲು ಹಾಕಿದ್ದನ್ನು ಕಂಡು ಒಬ್ಬ ಹುಡುಗನಿಗೆ ನಗು ಬಂತು. ಚಿಕ್ಕಪ್ಪ ಅವನ ತಲೆಗೆ ಒಂದು ಕೊಟ್ಟ.

ಆಮೇಲಿನ ದಿನಗಳು ನನ್ನ ಬಾಲ್ಯದ ಅತಿ ಸುಖದ ದಿನಗಳು ಎಂದರೆ ಯಾರೂ ನಂಬುವುದಿಲ್ಲ. ದೊಡ್ಡವರೆಲ್ಲ ಚಿಂತೆಯಲ್ಲಿದ್ದರು, ನಾನು ಮಾತ್ರ ಬೆಳಗಾದರೆ ಸಾಕು ಗೋಡೆ ಹತ್ತಿ ಆಚೆಗೆ ಇಳಿದುಬಿಡುತ್ತಿದ್ದೆ. ಪಿಳ್ಳಜ್ಜಿಯ ಮನೆಯ ಒಳಗೆ ಅಲ್ಲಿಯವರೆಗೆ ಹಗಲಲ್ಲೂ ಕತ್ತಲು. ಈಗ ಅಲ್ಲಿ ಇಡೀ ಆಕಾಶವಿತ್ತು. ಎಂದೂ ಬಿಸಿಲು ಕಾಣದ ಮೂಲೆಗಳಿಗೆ ಬಿಸಿಲು ಬಂದಿತ್ತು. ಮಸಿಹಿಡಿದ ಗೋಡೆ ನೇರಳೆಹಣ್ಣಿನ ಬಣ್ಣದ್ದು ಎಂದು ಆಗ ಗೊತ್ತಾಯಿತು. ಒಲೆಯ ಹೊಗೆ ಕಣ್ಣಿಗೆ ಬರದೆ ನೆಟ್ಟಗೆ ಮೇಲೆ ಹೋಗುತ್ತಿತ್ತು, ನಾವಿಬ್ಬರೂ ಕತ್ತೆತ್ತಿ ಅದು ಎಲ್ಲಿಯವರೆಗೆ ಹೋಗುತ್ತದೆಂದು ನೋಡುತ್ತಿದ್ದೆವು. ಪಕ್ಕದ ಹುಣಸೆಮರದ ಹೂವು ಅನ್ನದ ಮಡಕೆಯೊಳಗೆ ಉದುರುತ್ತಿತ್ತು, ಅವಳು ತೆಗೆಯುತ್ತಿರಲಿಲ್ಲ, ಸಾರಿಗೆ ಹುಳಿ ಕಡಮೆ ಹಾಕುತ್ತಿದ್ದಳು. ಗುಬ್ಬಚ್ಚಿಗಳು ಒಳಗೇ ಇಳಿದು ನಮ್ಮ ಜೊತೆ ಉಂಡು ಹೋಗುತ್ತಿದ್ದವು. ಸಂಜೆ ಹೊತ್ತು ಮುಳುಗಿದ ಮೇಲೆ ಸ್ವಲ್ಪ ಹೊತ್ತು ಅವಳ ಚಾಪೆಯ ಮೇಲೆ ಮಲಗಿ ಮೇಲೆ ನೋಡಿದರೆ, ಗೋಡೆಗಳ ನಡುವೆ ಮೊದಲ ಚುಕ್ಕಿ ಮೂಡುತ್ತಿತ್ತು. ಆ ಚುಕ್ಕಿ ಅವಳ ಮನೆಯ ಒಳಗಿನದು, ಹೊರಗಿನದಲ್ಲ ಎಂದು ನಾನು ನಂಬಿದ್ದೆ. ದೊಡ್ಡವಳಾದ ಮೇಲೆ ನಾನೂ ಸೂರಿಲ್ಲದ ಮನೆ ಕಟ್ಟಿಸುತ್ತೇನೆ ಎಂದು ಅವಳಿಗೆ ಹೇಳಿದೆ. ಕಟ್ಟಿಸು, ಆದರೆ ಮಳೆ ಬಾರದ ಊರಲ್ಲಿ ಗಂಡನನ್ನು ನೋಡಿಕೋ ಎಂದಳು. ಹೀಗೆ ಅವಳು ನನ್ನನ್ನು ನಗಿಸುತ್ತಿದ್ದಳು. ಆದರೆ ಅವಳ ಕಣ್ಣು ಪದೇ ಪದೇ ಮೂಡಲ ದಿಕ್ಕಿನ ಮೋಡದ ಮೇಲೆ ಹೋಗುತ್ತಿತ್ತು, ಆಮೇಲೆ ಉಬ್ಬಿದ ಗೋಡೆಯ ಮೇಲೆ. ಅದು ಭಯ ಎಂದು ನನಗೆ ಆಗ ತಿಳಿಯಲಿಲ್ಲ.

ಗೋಡೆಯ ಈಚೆ ನಮ್ಮ ಮನೆಯಲ್ಲಿ ಯಾರಿಗೂ ಸುಖವಿರಲಿಲ್ಲ. ಕೃತ್ತಿಕೆ ಮಳೆ ಇಂದೋ ನಾಳೆಯೋ ಎನ್ನುವಂತೆ ಕವಿದು ಕವಿದು ಹೋಗುತ್ತಿತ್ತು. ಮೇಲೆ ಹೊದಿಕೆಯಿಲ್ಲದ ಮಣ್ಣಿನ ಗೋಡೆ ಒಂದು ದೊಡ್ಡ ಮಳೆಗೆ ಕರಗಿ ಕೂರುತ್ತದೆ. ಇದ್ದ ಕೊಳೆತ ಸೂರಾದರೂ ಅದನ್ನು ಇಷ್ಟು ದಿನ ಕಾಪಾಡಿತ್ತು, ಈಗ ಅದೂ ಇಲ್ಲ. ನಮ್ಮ ಮನೆಗೆ ಬಂದಿರು ಎಂದು ಅವ್ವ ಕರೆದಳು, ಪಿಳ್ಳಜ್ಜಿ ಬರಲಿಲ್ಲ. ಚಿಕ್ಕಪ್ಪ ತಟ್ಟೆಯ ಮುಂದೆ ಕೂತು ಮುದ್ದೆಯನ್ನು ಬೆರಳಲ್ಲಿ ಒತ್ತುತ್ತ ಕೂರುತ್ತಿದ್ದ, ನುಂಗುತ್ತಿರಲಿಲ್ಲ. ಅಪ್ಪ ಅವನಿಗೆ, ರಾತ್ರಿಯೆಲ್ಲ ಓದಿ ಬೆಳಗಾಗೆದ್ದು ಮುದುಕಿಯ ಮನೆ ಬಿಚ್ಚಿದೆಯಲ್ಲೋ ಎಂದ. ಅಷ್ಟು ಕಟುವಾಗಿ ಅಪ್ಪ ಯಾರ ಜೊತೆಗೂ ಮಾತಾಡಿದವನಲ್ಲ. ಅಜ್ಜಿ ಮಾತ್ರ ಅವನನ್ನು ಬೈಯಲಿಲ್ಲ. ಅವಳು ಯೋಚನೆ ಮಾಡುತ್ತಿದ್ದಳು. ತೊಟ್ಟಿಯಲ್ಲಿ ಬಿಸಿಲು ಒರಳು ದಾಟಿ ಕಂಬ ಹತ್ತಿದರೂ ಅವಳು ನೋಡಲಿಲ್ಲ, ದನಗಳು ಬಾಯಾರಿ ಕೂಗಿಕೊಂಡವು.

ಕೊನೆಗೆ ಒಂದು ದಿನ ಮಧ್ಯಾಹ್ನ ಅಜ್ಜಿ ಎದ್ದು ಹೊರಟಳು, ನನ್ನನ್ನೂ ಕರೆದುಕೊಂಡಳು. ಅವಳು ಯಾರ ಮನೆಗೆ ಹೋದರೂ ಬರಿಗೈಯಲ್ಲಿ ಹೋಗುತ್ತಿರಲಿಲ್ಲ, ನಾಲ್ಕು ಬದನೆಕಾಯಿಯಾದರೂ ಮಡಿಲಲ್ಲಿರುತ್ತಿತ್ತು. ಅವತ್ತು ಅವ್ವ ಹುಚ್ಚೆಳ್ಳು ಚಟ್ನಿಪುಡಿಯ ಕುಡಿಕೆ ಕೈಗೆ ಕೊಟ್ಟರೆ ಅದನ್ನು ಒಳಗಿಟ್ಟಳು. ಗೋಡೆಯ ಬಳಿ ನಿಂತು ಕೂಗಲಿಲ್ಲ, ಬೀದಿ ಸುತ್ತಿಕೊಂಡು ಮುಂಬಾಗಿಲಿಗೆ ಹೋಗಿ, ನೆಂಟರಂತೆ ಹೊಸ್ತಿಲ ಹೊರಗೆ ನಿಂತಳು. ಪಿಳ್ಳಜ್ಜಿ ಒಳಗೆ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು, ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

“ಅಕ್ಕಯ್ಯ, ನಿನ್ನ ಹತ್ರ ಆಳು ಕೇಳೋಕೆ ಬಂದೆ.”

“ನನ್ನ ಹತ್ರ ಯಾವ ಆಳಿದೆ?”

“ನೀನಿದ್ದೀಯಲ್ಲ. ಇನ್ನೇನು ಬಿತ್ತನೆ ಆಗುತ್ತೆ, ಹಿಂದೇನೇ ಕಳೆ. ಹೆಂಗಸ್ರೆಲ್ಲ ಹೊಲ ಸೇರಿದ್ರೆ ಮನೇಲಿ ಕೂಸುಗಳ್ನ ನೋಡೋರಿಲ್ಲ. ಈ ಹುಡುಗ್ರು ಯಾವ್ಯಾವ ಮನೆಯೋರೋ ಆ ಮನೆಗೆಲ್ಲ ನೀನು ಒಂದೊಂದು ದಿನ ಹೋಗಿ ಕೂತ್ಕೊ. ಅವರು ನಿನ್ನ ಸೂರಿಗೆ ಬರ್ತಾರೆ. ಆಳಿಗೆ ಆಳು.”

ಪಿಳ್ಳಜ್ಜಿ ಒಂದು ಹುಣಸೆಬೀಜವನ್ನು ಉಗುರಲ್ಲಿ ಕೆರೆದಳು.

“ಕೂತ್ಕೊಂಡು ಮಾಡೋದೂ ಆಳೇನೇ ನಂಜಿ?”

“ನಿಂತ್ಕೊಂಡು ಮಾಡೋದಕ್ಕಿಂತ ಕಷ್ಟ ಕಣಕ್ಕಯ್ಯ. ಇವಳ್ನ ಒಂದು ದಿನ ನೋಡ್ಕೊಂಡು ಆಮೇಲೆ ಹೇಳು,” ಎಂದು ಅಜ್ಜಿ ನನ್ನ ಕಡೆ ತೋರಿಸಿದಳು.

ಪಿಳ್ಳಜ್ಜಿ ನಗಲಿಲ್ಲ. ಆದರೆ ಒಳಗೆ ಬಾ ಎಂದಳು. ಆಮೇಲೆ ಇಬ್ಬರೂ ಮದುವೆ ಮಾತುಕತೆಗೆ ಕೂತವರಂತೆ ಕರಾರು ಮಾಡಿಕೊಂಡರು. ತಾನು ಹೋದ ಮನೆಯವರು ನಿಜವಾದ ಕೆಲಸವನ್ನೇ ಕೊಡಬೇಕು, ಮುದುಕಿಯೆಂದು ಮೂಲೆಯಲ್ಲಿ ಕೂರಿಸಿ ಉಣ್ಣಿಸಿ ಕಳಿಸಬಾರದು ಎಂದು ಪಿಳ್ಳಜ್ಜಿ ಪಟ್ಟು ಹಿಡಿದಳು. ಸೂರಿನ ಕೆಲಸಕ್ಕೆ ಬಂದವರು ತನ್ನ ಒಲೆಯದೇ ಉಣ್ಣಬೇಕು, ನಮ್ಮ ಮನೆಯಿಂದ ಒಂದು ಹಿಡಿ ಹಿಟ್ಟೂ ಗೋಡೆ ದಾಟಿ ಬರಕೂಡದು ಎಂದಳು. ಅಜ್ಜಿ ಎಲ್ಲಕ್ಕೂ ಹೂಂ ಎಂದಳು. ಹೊರಡುವಾಗ, ಬಸ್ಸಾರಿಗೆ ಮಾತ್ರ ಬೆಳ್ಳುಳ್ಳಿ ಸುಟ್ಟೇ ಹಾಕು ಎಂದಳು. ಹಸಿಯದನ್ನೇ ಹಾಕ್ತೀನಿ ಎಂದಳು ಪಿಳ್ಳಜ್ಜಿ. ಮನೆಗೆ ಬಂದ ಅಜ್ಜಿ ತೊಟ್ಟಿಯ ಅಂಚಿಗೆ ಕೂತು ಒಂದು ಚೊಂಬು ನೀರನ್ನು ಗಟಗಟ ಕುಡಿದಳು. ಕೊಡುವುದರಲ್ಲಿ ಎತ್ತಿದ ಕೈಯಾಗಿದ್ದ ನಮ್ಮಜ್ಜಿಗೆ ಕೇಳುವುದು ಎಷ್ಟು ಕಷ್ಟವಾಗಿತ್ತು ಎಂದು ಈಗ ಅನ್ನಿಸುತ್ತದೆ.

ಕೆಲಸ ಹಬ್ಬದಂತೆ ನಡೆಯಿತು. ಗಂಡಸರು ಕೆರೆಯಂಗಳದಿಂದ ಬಾದೆ ಹುಲ್ಲು ಕೊಯ್ದು ಹೊರೆ ಹೊರೆಯಾಗಿ ಹೊತ್ತು ತಂದರು. ಹೊಸ ಗಳಗಳನ್ನು ಏರಿಸಿ, ಬಿದಿರ ದಬ್ಬೆಗಳನ್ನು ಅಡ್ಡಕ್ಕೆ ಕಟ್ಟಿ, ಕತ್ತಾಳೆ ನಾರಿನಿಂದ ಬಿಗಿದರು. ಹೆಂಗಸರು ಉಬ್ಬಿದ ಗೋಡೆಯನ್ನು ಕೆಡವಿ, ಕೆಮ್ಮಣ್ಣಿಗೆ ರಾಗಿಯ ಹೊಟ್ಟು ಕಲೆಸಿ ತುಳಿದರು. ಮಕ್ಕಳಾದ ನಮ್ಮನ್ನೂ ತುಳಿಯಲು ಬಿಟ್ಟರು, ಮೊಣಕಾಲಿನವರೆಗೆ ಮಣ್ಣಿನಲ್ಲಿ ಇಳಿದು ಕುಣಿದದ್ದು ಈಗಲೂ ಕಾಲಿಗೆ ನೆನಪಿದೆ. ಪಿಳ್ಳಜ್ಜಿ ಬಯಲಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿ, ತನ್ನ ಮಡಕೆಗಳ ತಳ ಕೆರೆದು ಮುದ್ದೆ ತೊಳಸಿದಳು. ಮೊದಲ ದಿನ ಮುದ್ದೆ, ಎರಡನೆಯ ದಿನ ಸಣ್ಣ ಮುದ್ದೆ, ಕೊನೆಯ ದಿನ ಬರೀ ಅಂಬಲಿ. ಅಜ್ಜಿಯ ಕಟ್ಟಪ್ಪಣೆಯಾಗಿದ್ದರಿಂದ ಯಾರೂ ಮನೆಯಿಂದ ಉಂಡು ಬರುವಂತಿರಲಿಲ್ಲ, ತಂದು ಸೇರಿಸುವಂತೆಯೂ ಇರಲಿಲ್ಲ. ಚಿಕ್ಕಪ್ಪ ಆ ತೆಳ್ಳನೆಯ ಅಂಬಲಿಯನ್ನು ಇನ್ನೊಂದು ಸಲ ಕೇಳಿ ಹಾಕಿಸಿಕೊಂಡು ಕುಡಿದ. ಅವನ ಭಾಷಣಗಳು ಆಮೇಲೂ ನಿಲ್ಲಲಿಲ್ಲ, ಆದರೆ ‘ಸೇವೆ’ ಎಂಬ ಮಾತನ್ನು ಅವನು 
ಮನೆಯಲ್ಲಿ ಮತ್ತೆ ಆಡಿದ್ದನ್ನು ನಾನು ಕೇಳಲಿಲ್ಲ. ಕೊನೆಯ ಹುಲ್ಲಿನ ಕಟ್ಟು ಮೇಲೇರಿದಾಗ ಒಳಗೆ ಕತ್ತಲಾಯಿತು. ಎಲ್ಲರೂ ನಕ್ಕು ಮಾತಾಡುತ್ತಿದ್ದರೆ ನಾನೊಬ್ಬಳು ಮೂಲೆಯಲ್ಲಿ ನಿಂತು ಅತ್ತೆ. ಅದೇ ವಾರ ಮಳೆ ಹೊಯ್ಯಿತು. ನಾನು ಹಿತ್ತಿಲ ಬಾಗಿಲಲ್ಲಿ ಕೂತು, ಹೊಸ ಹುಲ್ಲಿನ ಅಂಚಿನಿಂದ ನೀರು ಸಾಲಾಗಿ ಇಳಿಯುವುದನ್ನು ನೋಡಿದೆ. ಒಳಗಿನಿಂದ ಪಿಳ್ಳಜ್ಜಿ ಯಾವುದೋ ಸೋಬಾನೆ ಗುನುಗುತ್ತಿದ್ದಳು.

ಕಳೆಯ ಕಾಲಕ್ಕೆ ಅವಳು ಹೇಳಿದಂತೆಯೇ ಹೊರಟಳು. ಬೆಳಿಗ್ಗೆಯೇ ಕೋಲೂರಿಕೊಂಡು ಒಂದು ಮನೆಗೆ ಹೋದರೆ ಹೊತ್ತು ಮುಳುಗಿದ ಮೇಲೆಯೇ ವಾಪಸು. ಒಂದು ಮನೆಯಲ್ಲಿ ತೊಟ್ಟಿಲು ತೂಗಿದಳು, ಇನ್ನೊಂದರಲ್ಲಿ ಮಕ್ಕಳ ತಲೆಯ ಹೇನು ಹೆಕ್ಕಿದಳು, ಮತ್ತೊಂದರಲ್ಲಿ ಕೋಳಿಮರಿಗಳನ್ನು ಹದ್ದಿನಿಂದ ಕಾಯ್ದಳು. ಒಂದು ಮನೆಯ ಸೊಸೆ ಕನಿಕರಪಟ್ಟು, ಮೊದಲೇ ಆರಿಸಿಟ್ಟಿದ್ದ ಬೇಳೆಯನ್ನೇ ಮತ್ತೆ ಆರಿಸಲು ಕೊಟ್ಟಳಂತೆ. ಪಿಳ್ಳಜ್ಜಿ ಮೊರವನ್ನು ಪಕ್ಕಕ್ಕಿಟ್ಟು, ಇವತ್ತಿನ ದಿನ ಲೆಕ್ಕಕ್ಕಿಲ್ಲ, ಇನ್ನೊಂದು ದಿನ ಬರುತ್ತೇನೆ, ಆಗ ಸರಿಯಾದ ಕೆಲಸ ಇಟ್ಟಿರು ಎಂದು ಎದ್ದು ಬಂದಳಂತೆ. ಹೀಗೆ ಮನೆಮನೆಯ ಮುಯ್ಯಿ ತೀರಿತು. ಸುಗ್ಗಿಯ ಹೊತ್ತಿಗೆ ಉಳಿದದ್ದು ನಮ್ಮದೊಂದೇ ಮನೆ. ಬಂದು ಕೇಳಿದಳು, ಯಾವತ್ತು ಬರಲಿ ನಂಜಿ ಎಂದು. ಇವತ್ತು ಅಮಾವಾಸ್ಯೆ ಎಂದಳು ಅಜ್ಜಿ. ಇನ್ನೊಂದು ದಿನ ಕೇಳಿದಾಗ, ಸೊಸೆ ಮನೆಯಲ್ಲೇ ಇದ್ದಾಳೆ, ಕೆಲಸವೇನೂ ಇಲ್ಲ ಎಂದಳು. ಆಮೇಲೆ ಕಣದ ಕೆಲಸ ಮುಗಿಯಲಿ ಎಂದಳು, ಆಮೇಲೆ ಸಂಕ್ರಾಂತಿ ಕಳೆಯಲಿ ಎಂದಳು. ವರ್ಷ ಕಳೆದು ಮುಂದಿನ ಕಳೆಯ ಕಾಲ ಬಂದರೂ ಅಜ್ಜಿಗೆ ಒಳ್ಳೆಯ ದಿನವೇ ಸಿಗಲಿಲ್ಲ. ಆಮೇಲಿನ ಮಾಗಿಯಲ್ಲಿ ನಾವು ಅವರೆಕಾಯಿ ಬಿಡಿಸುತ್ತ ಕೂತಿದ್ದಾಗ ಅವ್ವ ತಡೆಯಲಾರದೆ, ಪಾಪ, ಯಾಕತ್ತೆ ಹೀಗೆ ಸತಾಯಿಸ್ತೀರಿ ಎಂದು ಕೇಳಿದಳು.

“ಬಾಕಿ ಇಟ್ಕೊಂಡು ಸಾಯೋಳಲ್ಲ ಅವಳು,” ಎಂದಳು ಅಜ್ಜಿ. “ನಮ್ಮನೇದು ಒಂದು ದಿನ ಇರ್ಲಿ ಬಿಡು. ಅದಿರೋವರೆಗೂ ಇರ್ತಾಳೆ.”

ಅದನ್ನು ಕೇಳಿದ ದಿನದಿಂದ ನನಗೆ ಒಂದು ಹೆದರಿಕೆ ಅಂಟಿಕೊಂಡಿತು. ಪಿಳ್ಳಜ್ಜಿ ನಮ್ಮ ಮನೆಯಲ್ಲಿ ಒಂದು ದಿನ ಕೆಲಸ ಮಾಡಿದರೆ ಸತ್ತುಹೋಗುತ್ತಾಳೆ ಎಂದು ನಾನು ಅರ್ಥಮಾಡಿಕೊಂಡೆ. ಅವಳು ದಿನವೂ ನಮ್ಮ ಮನೆಗೆ ಬರುತ್ತಿದ್ದಳು, ಈಗ ಗೋಡೆಯ ಜಗಳವೆಲ್ಲ ನಮ್ಮ ಪಡಸಾಲೆಗೇ ಬಂದಿತ್ತು. ಅವಳು ಪೊರಕೆಯ ಕಡೆ ಕೈ ಚಾಚಿದರೆ ನಾನು ಮೊದಲೇ ಓಡಿಹೋಗಿ ಅದನ್ನು ಹಿಡಿದುಕೊಳ್ಳುತ್ತಿದ್ದೆ. ನನ್ನ ತಮ್ಮನ ಮೂಗು ಒರೆಸಲು ಹೋದರೆ ನಾನೇ ಒರೆಸುತ್ತಿದ್ದೆ. ಎಂಥ ಚುರುಕು ಹುಡುಗಿ ಎಂದು ನೆಂಟರು ಹೊಗಳಿದರು, ಕಾರಣ ಯಾರಿಗೂ ಗೊತ್ತಿರಲಿಲ್ಲ. ಊರಿಗೆಲ್ಲ ದುಡಿದ ಪಿಳ್ಳಜ್ಜಿ ನಮ್ಮ ಮನೆಯೊಂದರಲ್ಲಿ ಮಾತ್ರ ಕಾಲು ಚಾಚಿ ಕೂತು, ಎಲೆಯಡಿಕೆ ಹಾಕಿಕೊಂಡು, ರಾಣಿಯಂತೆ ಇರುತ್ತಿದ್ದಳು. ಆ ವರ್ಷಗಳ ಸಂಜೆಗಳನ್ನು ನೆನೆದರೆ ಎರಡು ಮುದುಕಿಯರ ದನಿ ಕೇಳುತ್ತದೆ. ಏನು ಮಾತಾಡುತ್ತಿದ್ದರೆಂದು ನೆನಪಿಲ್ಲ, ದನಿ ಮಾತ್ರ ಕೇಳುತ್ತದೆ.

ಮೊದಲು ಹೋದವಳು ನಮ್ಮಜ್ಜಿ. ಒಂದು ಮಾಗಿಯ ಬೆಳಿಗ್ಗೆ ಹಾಲು ಕರೆಯಲೆಂದು ಎದ್ದವಳು ತೊಟ್ಟಿಯ ಅಂಚಿಗೆ ಕೂತು, ಕಂಬಕ್ಕೆ ಒರಗಿದಳು, ಮತ್ತೆ ಏಳಲಿಲ್ಲ. ಬಿಸಿಲು ಇನ್ನೂ ತೊಟ್ಟಿಗೆ ಇಳಿದಿರಲಿಲ್ಲ. ಮನೆ ತುಂಬ ಜನ ಸೇರಿದರು. ಅವ್ವ ಗೋಳಾಡುತ್ತಿದ್ದಳು, ಅಪ್ಪ ಮತ್ತು ಚಿಕ್ಕಪ್ಪ ಒಬ್ಬರನ್ನೊಬ್ಬರು ಹಿಡಿದುಕೊಂಡು ಚಿಕ್ಕ ಮಕ್ಕಳಂತೆ ಅಳುತ್ತಿದ್ದರು. ನಮ್ಮನ್ನು ಯಾರೂ ನೋಡಲಿಲ್ಲ. ತಮ್ಮ ಹಸಿದು ಕಿರುಚುತ್ತಿದ್ದ. ಆಗ ಪಿಳ್ಳಜ್ಜಿ ಬಂದಳು. ಅಜ್ಜಿಯ ಮುಖವನ್ನು ನೋಡಿದಳು, ಅಳಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಪೊರಕೆಗೆ ಕೈಹಾಕಿದಳು. ನಾನು ಓಡಿಹೋಗಿ ಪೊರಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಬೇಡ ಪಿಳ್ಳಜ್ಜಿ, ನೀನೂ ಹೋಗಿಬಿಡ್ತೀಯ, ಬೇಡ ಎಂದು ಅತ್ತೆ. ಅವಳಿಗೆ ಎಲ್ಲ ತಿಳಿಯಿತೆಂದು ಕಾಣುತ್ತದೆ. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು, ಬೈಯಲಿಲ್ಲ. ಅಂಗಳ ಗುಡಿಸಿದಳು, ದನಗಳಿಗೆ ನೀರಿಟ್ಟಳು. ಸಾವಿನ ಮನೆಯಲ್ಲಿ ಒಲೆ ಉರಿಯುವುದಿಲ್ಲವಾದ್ದರಿಂದ ನಮ್ಮಿಬ್ಬರನ್ನು ತನ್ನ ಮನೆಗೆ ಕರೆದೊಯ್ದು ಸ್ನಾನ ಮಾಡಿಸಿ, ಮುದ್ದೆ ಮುರಿದು ಬಾಯಿಗಿಟ್ಟಳು. ಬಸ್ಸಾರಿನಲ್ಲಿ ಸುಟ್ಟ ಬೆಳ್ಳುಳ್ಳಿಯ ವಾಸನೆಯಿತ್ತು. ಬಂದವರಿಗೆ ಚಾಪೆ ಹಾಸಿದಳು, ಮಣ್ಣು ಮಾಡಿ ಬಂದವರ ಕಾಲಿಗೆ ನೀರು ಕೊಟ್ಟಳು. ದಿನವಿಡೀ ಅವಳು ಕೂತದ್ದನ್ನು ನಾನು ನೋಡಲಿಲ್ಲ. ಹೊತ್ತು ಮುಳುಗಿ, ಅಜ್ಜಿಯನ್ನು ಮಲಗಿಸಿದ್ದ ಜಾಗದಲ್ಲಿ ದೀಪ ಹಚ್ಚಿಟ್ಟ ಮೇಲೆ ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು.

“ಕೊನೆಗೂ ಕೆಲಸ ಕೊಟ್ಟೆ ಕಣೆ ನಂಜಿ,” ಎಂದಳು. ಆಮೇಲೆ ಅತ್ತಳು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಅಥವಾ ಬಂದು ಬಂದು ಹೋಯಿತು. ಬೆಳಕು ಹರಿಯುವ ಮುಂಚೆ ಎದ್ದು ಹಿತ್ತಿಲ ಬಾಗಿಲ ಹೊಸ್ತಿಲ ಮೇಲೆ ಕೂತೆ. ಗೋಡೆಯಾಚೆ ಅವಳ ಸೂರು ಮಂಜಿನಲ್ಲಿ ಮಸುಕಾಗಿ ಕಾಣುತ್ತಿತ್ತು. ಮುಯ್ಯಿ ತೀರಿತ್ತು, ಇನ್ನು ಅವಳಿಗೆ ಯಾರ ಬಾಕಿಯೂ ಇರಲಿಲ್ಲ. ಆ ಸೂರಿನ ಸಂದಿಯಿಂದ ಒಲೆಯ ಹೊಗೆ ಏಳುತ್ತದೋ ಇಲ್ಲವೋ ಎಂದು ನೋಡುತ್ತ ಕೂತೆ. ಬಹಳ ಹೊತ್ತು ಏನೂ ಕಾಣಲಿಲ್ಲ. ನನಗೆ ಗೊತ್ತಿದ್ದ ದೇವರ ಹೆಸರುಗಳೆಲ್ಲ ಮುಗಿದವು. ಕಣ್ಣು ಮಂಜಾಗಿ ಹೊಗೆಯನ್ನು ನಾನು ನೋಡಲೇ ಇಲ್ಲ, ಕೋಲಿನ ಸದ್ದು ಕೇಳಿತು. ಪಿಳ್ಳಜ್ಜಿ ಕಂಬಳಿ ಹೊದ್ದು, ಕೈಯಲ್ಲಿ ಎಣ್ಣೆಯ ಕುಡಿಕೆ ಹಿಡಿದು, ಹಿತ್ತಿಲ ಬಾಗಿಲಿಗೇ ಬಂದಳು. ಒಳಗಿನಿಂದ ಬಂದ ಅವ್ವ ಅವಳನ್ನು ಕಂಡು, ನಿಮ್ಮದು ನಿನ್ನೆಗೇ ತೀರಿತಲ್ಲ ದೊಡ್ಡತ್ತೆ, ಇವತ್ತು ಯಾವ ಲೆಕ್ಕಕ್ಕೆ ಬಂದಿರಿ ಎಂದು ಕೇಳಿದಳು. ಪಿಳ್ಳಜ್ಜಿ ನನ್ನ ಹಿಂದೆ ಹೊಸ್ತಿಲ ಮೇಲೆ ಕೂತು, ನನ್ನ ತಲೆಯನ್ನು ತನ್ನ ಮೊಣಕಾಲುಗಳ ನಡುವೆ ಎಳೆದುಕೊಂಡು, ಕೂದಲಿಗೆ ಎಣ್ಣೆ ಹಾಕಿ ಸಿಕ್ಕು ಬಿಡಿಸತೊಡಗಿದಳು.

“ಇವತ್ತು ಸುಮ್ನೆ ಬಂದೆ ಕಣವ್ವ,” ಎಂದಳು.